ಗಡಿಗೆಯ ಸಂತ ಶ್ರೀ ಗಾಡಗೆ ಮಹಾರಾಜರು

ಮನ್ಮಾಡ, ಭುಸಾವಳ, ನಾಸಿಕಗಳಲ್ಲಿ ಉದರನಿರ್ವಾಹಕ್ಕಾಗಿ ನೆಲೆಸಿರುವ ನಮ್ಮ ಕನ್ನಡ ಬಂಧುಗಳಿಗೆ ಗಾಡಗೆ ಮಹಾರಾಜರ ಹೆಸರು ಹೊಸದಲ್ಲ. ಮನ್ಮಾಡದಲ್ಲಿ ರೈಲು ಹತ್ತಿದರೆ ಸುಮಾರು ಒಂದು ತಾಸಿನಲ್ಲಿ ನಾಸಿಕ ರೋಡ್ ನಿಲ್ದಾಣ. ಅಲ್ಲಿಂದ ಊರೊಳಕ್ಕೆ ಹೋಗಿ ಗೋದಾವರಿಯ ದಂಡೆಗೆ ಇಳಿದರೆ ಅವರ ಹೆಸರಿನ ಧರ್ಮಶಾಲೆಯಿದೆ, ಅವರ ಹೆಸರಿನ ಸೇತುವೆಯೂ ಇದೆ. ಮಹಾರಾಷ್ಟ್ರದ ಶಾಲೆಗಳಲ್ಲಿ, ಪಂಚಾಯತಿ ಕಚೇರಿಗಳಲ್ಲಿ ಅವರ ಚಿತ್ರವನ್ನು ಕಾಣದವರು ವಿರಳ. ತಲೆಯ ಮೇಲೆ ಮಣ್ಣಿನ ಗಡಿಗೆಯ ಚೂರು, ಕೈಯಲ್ಲಿ ಕಸಬರಿಗೆ, ಒಂದು ಕಿವಿಯಲ್ಲಿ ಕವಡೆ, ಇನ್ನೊಂದರಲ್ಲಿ ಒಡೆದ ಬಳೆಯ ತುಂಡು, ಮೈಮೇಲೆ ಬಣ್ಣಬಣ್ಣದ ಚಿಂದಿಗಳನ್ನು ಕೂಡಿಸಿ ಹೊಲಿದ ಅಂಗಿ. ನಮ್ಮ ಗಡಿಗೆಯೇ ಮರಾಠಿಯ ಗಾಡಗೆ. ಉಂಬಾಗ ಅದು ತಟ್ಟೆ, ನೀರು ಕುಡಿವಾಗ ಲೋಟ, ಬಿಸಿಲಾದಾಗ ಟೊಪ್ಪಿಗೆ. ಹೆಸರೂ ಅದರಿಂದಲೇ ಬಂದಿತು.

ಜನರು ಅವರನ್ನು ಸ್ವಚ್ಛತೆಯ ಸಂತರೆಂದು ಬಲ್ಲರು. ಊರನ್ನು ಗುಡಿಸಿದವರೆಂಬ ಕೀರ್ತಿ ಅವರಿಗೆ ಸಲ್ಲತಕ್ಕದ್ದೇ. ಆದರೆ ಕುಡಿತದಿಂದ ಹಾಳಾದ ಮನೆಯೊಂದರಲ್ಲಿ ಹುಟ್ಟಿದ ಬಾಲಕನು 80 ವರ್ಷಗಳ ಆಯುಷ್ಯವನ್ನು ಮದ್ಯದ ಸೋಂಕಿಲ್ಲದೆ ಕಳೆದು, ತನ್ನಂತಹ ಸಹಸ್ರಾರು ಬಡವರನ್ನು ಆ ದಾರಿಗೆ ಕರೆತರಲು ಹೆಣಗಿದನೆಂಬುದನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ನಾವು ಇಂದು ಅವರ ಚರಿತ್ರೆಯ ಆ ಭಾಗವನ್ನೇ ವಾಚಕರ ಮುಂದಿಡಲು ಬಯಸುತ್ತೇವೆ.

ಅವರ ಪೂರ್ವದ ಹೆಸರು ದೇಬೂಜಿ ಝಿಂಗ್ರಾಜಿ ಜಾನೋರಕರ್. 1876ನೆಯ ಫೆಬ್ರವರಿ 23ರಂದು ವಿದರ್ಭದ ಅಮರಾವತಿ ಜಿಲ್ಲೆಯ ಶೇಂಡಗಾಂವ ಎಂಬ ಹಳ್ಳಿಯಲ್ಲಿ ಮಡಿವಾಳರ ಕುಟುಂಬದಲ್ಲಿ ಜನಿಸಿದರು. ತಂದೆ ಝಿಂಗ್ರಾಜಿ, ತಾಯಿ ಸಖೂಬಾಯಿ. ತಂದೆಯು ಹುಟ್ಟಾ ಕೆಟ್ಟವನಲ್ಲ, ದುಡಿದು ತಿನ್ನುವ ಮನುಷ್ಯನೇ ಆಗಿದ್ದನು. ಆದರೆ ಆ ಕಾಲದಲ್ಲಿ ಅವರ ಜಾತಿಬಾಂಧವರಲ್ಲಿ ಬಾರಸೆಯಾಗಲಿ, ಮದುವೆಯಾಗಲಿ, ತಿಥಿಯಾಗಲಿ, ದೇವರ ಹರಕೆಯಾಗಲಿ, ಕುರಿ ಕಡಿಯದೆ, ಹೆಂಡ ಹಂಚದೆ ನಡೆಯುತ್ತಿರಲಿಲ್ಲ. ಕುಡಿತವು ಅಲ್ಲಿ ಒಬ್ಬಂಟಿಯ ಚಟವಲ್ಲ. ಅದೊಂದು ಮರ್ಯಾದೆ, ಬಂಧುತ್ವದ ಗುರುತು. ಒಲ್ಲೆನೆಂದವನು ಪಂಕ್ತಿಯಿಂದ ಹೊರಗಾದಂತೆ. ಝಿಂಗ್ರಾಜಿಯು ಈ ಕೂಟದಲ್ಲಿ ಕೂತು ಕಲಿತನು, ಕಲಿತದ್ದನ್ನು ಬಿಡಲಾರದೆ ಹೋದನು. ಇದ್ದ ಬದುಕು ಕರಗಿತು, ದೇಹ ಕೆಟ್ಟಿತು. 1884ರ ಸುಮಾರಿಗೆ ಅವನು ತೀರಿಕೊಂಡಾಗ ದೇಬೂ 8 ವರ್ಷದ ಹುಡುಗ. ಸಾಯುವ ಮೊದಲು ತನ್ನ ಮಗನನ್ನು ಈ ಹಾಳು ಪದ್ಧತಿಯಿಂದ ದೂರವಿಡುವಂತೆ ಹೆಂಡತಿಗೆ ಹೇಳಿದನೆಂದು ಚರಿತ್ರಕಾರರು ಬರೆದಿದ್ದಾರೆ.

ಸಖೂಬಾಯಿಯು ಮಗನನ್ನು ಕಟ್ಟಿಕೊಂಡು ಮೂರ್ತಿಜಾಪುರ ತಾಲೂಕಿನ ದಾಪುರೆ ಎಂಬಲ್ಲಿಯ ತವರುಮನೆಗೆ ಬಂದಳು. ದೇಬೂ ಅಲ್ಲಿ ದನ ಕಾಯ್ದನು, ಹೊಲ ಉತ್ತನು, ಶಾಲೆಯ ಮುಖ ಕಾಣಲಿಲ್ಲ. ಸಂಜೆ ಗೆಳೆಯರನ್ನು ಕೂಡಿಸಿಕೊಂಡು ಭಜನೆ ಮಾಡುವುದು ಅವನಿಗೆ ಅತ್ಯಂತ ಪ್ರಿಯವಾಗಿತ್ತು. ದಿನವೆಲ್ಲ ದುಡಿದ ಮೈಗೆ ಸಂಜೆಯ ಹೊತ್ತು ಒಂದು ಆಸರೆ ಬೇಕಾಗುತ್ತದೆ. ತಂದೆಗೆ ಆ ಆಸರೆಯು ಹೆಂಡದ ಅಂಗಡಿಯಲ್ಲಿ ದೊರಕಿತ್ತು, ಮಗನಿಗೆ ತಾಳ ಮದ್ದಲೆಗಳಲ್ಲಿ ದೊರಕಿತು. ಅದು ಹೆಚ್ಚಿನ ಖರ್ಚಿನದೂ ಆಗಿರಲಿಲ್ಲ.

ಓದುಬರಹವಿಲ್ಲದ ಸೋದರಮಾವನು ಸಾವಕಾರನ ಲೆಕ್ಕದ ಬಲೆಯಲ್ಲಿ ಸಿಕ್ಕಿ ಹೊಲ ಕಳೆದುಕೊಂಡು ಅದೇ ಕೊರಗಿನಲ್ಲಿ ಸತ್ತನು. ಸಾಲ, ಕುಡಿತ, ನಿರಕ್ಷರತೆ, ಈ ಮೂರೂ ಒಂದೇ ಬಳ್ಳಿಯ ಕಾಯಿಗಳೆಂಬುದನ್ನು ದೇಬೂಜಿ ಕಂಡುಕೊಂಡದ್ದು ಈ ಎರಡು ಸಾವುಗಳಿಂದ. ಮುಂದೆ 50 ವರ್ಷ ಅವರು ಕೀರ್ತನದಲ್ಲಿ ಹೇಳಿದ್ದೆಲ್ಲ ಬಹುಮಟ್ಟಿಗೆ ಇದೇ ವಿಷಯ.

1892ರಲ್ಲಿ ಕುಂತಾಬಾಯಿಯೊಡನೆ ಅವರ ವಿವಾಹವಾಯಿತು. ಮೊದಲ ಮಗಳು ಅಲೋಕಾ ಹುಟ್ಟಿದಾಗ ಬಾರಸೆಗೆ ಬಂಧುಗಳೆಲ್ಲ ನೆರೆದರು. ಕುರಿ ಬೇಯುವ ವಾಸನೆಯನ್ನೂ ಹೆಂಡದ ಮಡಕೆಗಳನ್ನೂ ನಿರೀಕ್ಷಿಸಿ ಬಂದವರ ಎಲೆಯ ಮೇಲೆ ದೇಬೂಜಿಯವರು ಸಿಹಿಯೂಟ ಬಡಿಸಿದರು. ಹಿರಿಯರು ಮುಖ ಸಿಂಡರಿಸಿದರು, ಅಸಮಾಧಾನಗೊಂಡರು, ಆಡಿಕೊಂಡರು. ದೇಬೂಜಿಯವರು ಕದಲಲಿಲ್ಲ.

ಈ ಪ್ರಸಂಗವು ಚಿಕ್ಕದಾಗಿ ಕಾಣಬಹುದು. ಆದರೆ ತಾನು ಕುಡಿಯದೆ ಇರುವುದು ಒಂದು; ತನ್ನ ಮನೆಗೆ ಬಂದ ನಂಟರಿಗೆ ಕುಡಿಸದೆ ಇರುವುದು ಬೇರೊಂದು. ಮೊದಲನೆಯದಕ್ಕೆ ಮನೋಬಲ ಸಾಕು, ಎರಡನೆಯದಕ್ಕೆ ಸಮಾಜದ ಕೆಂಗಣ್ಣನ್ನು ಎದುರಿಸುವ ಎದೆಗಾರಿಕೆ ಬೇಕು. ಇನ್ನೂ ಒಂದು ಸಂಗತಿಯಿದೆ. ಅವರು ಊಟವನ್ನು ನಿಲ್ಲಿಸಲಿಲ್ಲ, ಊಟದ ಪದಾರ್ಥವನ್ನು ಬದಲಿಸಿದರು. ನಂಟರು ಕೂಡುವುದು ಬೇಡವೆನ್ನಲಿಲ್ಲ, ಕೂಡುವುದಕ್ಕೆ ಬೇರೆ ನೆಪ ಕೊಟ್ಟರು. ಚಟವನ್ನು ಕಿತ್ತುಕೊಂಡು ಆ ಸ್ಥಳವನ್ನು ಬರಿದಾಗಿಟ್ಟರೆ ಹೋದದ್ದು ಮರಳಿ ಬರುವುದೆಂಬ ವಿವೇಕವು ಆ ಅನಕ್ಷರಸ್ಥ ರೈತನಿಗೆ ಇತ್ತು.

1905ರ ಫೆಬ್ರವರಿ 1ರಂದು ಅವರು ಮನೆ ಬಿಟ್ಟು ಹೊರಟರು. ಸುಮಾರು 12 ವರ್ಷ ಊರೂರು ಅಲೆದರು. ತಮ್ಮನ್ನು ನೆಚ್ಚಿದ ತಾಯಿ, ಹೆಂಡತಿ, ಮಕ್ಕಳನ್ನು ಹೀಗೆ ಬಿಟ್ಟು ಹೋದದ್ದು ಸರಿಯೇ ಎಂದು ಕೇಳುವವರಿದ್ದಾರೆ; ಕೇಳತಕ್ಕ ಪ್ರಶ್ನೆಯೇ ಅದು. ಆ ಮನೆಯ ಹೆಂಗಸರು ಪಟ್ಟ ಕಷ್ಟವು ಸಂತನ ಕೀರ್ತಿಯಲ್ಲಿ ಮುಳುಗಿಹೋಗಬಾರದು.

ಅವರ ದಿನಚರಿಯು ಹೀಗಿತ್ತು. ಊರನ್ನು ಹೊಕ್ಕೊಡನೆ ಕಸಬರಿಗೆ ಹಿಡಿದು ಗುಡಿಸಲು ಪ್ರಾರಂಭಿಸುವರು. ಚರಂಡಿ ಬಳಿಯುವರು. ಹುಚ್ಚನೆಂದು ಹುಡುಗರು ಹಿಂದೆ ಬೀಳುವರು. ಸ್ವಲ್ಪ ಹೊತ್ತಿನಲ್ಲಿ ದೊಡ್ಡವರು ನಾಚಿ ತಾವೂ ಕಸಬರಿಗೆ ತರುವರು. ಭಿಕ್ಷೆಯ ಭಕ್ಕರಿಯನ್ನು ಗಡಿಗೆಯಲ್ಲಿ ಹಾಕಿಸಿಕೊಂಡು ಹೊರಗೆಲ್ಲೋ ಕುಳಿತು ಉಣ್ಣುವರು. ರಾತ್ರಿ ಕೀರ್ತನ. ಕೀರ್ತನ ಮುಗಿದೊಡನೆ ಜನರು ಕಾಲಿಗೆ ಬೀಳುವ ಮುಂಚೆ ಅಲ್ಲಿಂದ ಮಾಯವಾಗುವರು. ಕಾಲು ಮುಟ್ಟಲು ಬಂದವರಿಗೆ ಕೋಲು ಬೀಸಿದ್ದೂ ಉಂಟು. ತಾನು ಯಾರ ಗುರುವೂ ಅಲ್ಲ, ತನಗೆ ಯಾರೂ ಶಿಷ್ಯರಿಲ್ಲವೆಂಬುದು ಅವರ ಮಾತಾಗಿತ್ತು.

ಅವರ ಕೀರ್ತನವೂ ಲೋಕದ ರೂಢಿಯದಲ್ಲ. ಅದು ಪ್ರಶ್ನೋತ್ತರದ ರೂಪದ್ದು. ನೆರೆದ ಸಾವಿರಾರು ಜನರನ್ನು ಅವರು ಒಂದೊಂದೇ ಪ್ರಶ್ನೆ ಕೇಳುವರು: ಸಾಲ ಮಾಡಿ ಮದುವೆ ಮಾಡುವುದು ಸರಿಯೇ, ದೇವರ ಹೆಸರಿನಲ್ಲಿ ಕುರಿ ಕಡಿಯಬಹುದೇ, ಹೆಂಡತಿ ಮಕ್ಕಳು ಉಪವಾಸವಿರುವಾಗ ಹೆಂಡದ ಅಂಗಡಿಗೆ ಹೋಗಬಹುದೇ. ಜನರು ಒಕ್ಕೊರಲಿನಿಂದ ಉತ್ತರ ಕೊಡಬೇಕು. ತಟ್ಟೆ ಮಾರಿದರೂ ಚಿಂತೆಯಿಲ್ಲ, ಭಕ್ಕರಿಯನ್ನು ಅಂಗೈಮೇಲಿಟ್ಟುಕೊಂಡು ತಿನ್ನಿರಿ, ಆದರೆ ಮಕ್ಕಳನ್ನು ಓದಿಸಿರಿ ಎಂಬುದು ಅವರ ಬೋಧೆಯ ತಿರುಳು. ಈ ಒಕ್ಕೊರಲಿನ ಉತ್ತರದಲ್ಲಿ ಒಂದು ಮರ್ಮವಿದೆಯೆಂದು ನಮಗೆ ತೋರುತ್ತದೆ. ಒಬ್ಬನೇ ಕುಳಿತು ಮಾಡಿದ ಪ್ರತಿಜ್ಞೆಗೆ ಸಾಕ್ಷಿ ಯಾರೂ ಇಲ್ಲ. ಮರುದಿನ ಸಂಜೆಗೆ ಅದು ಸಡಿಲವಾಗುತ್ತದೆ. ಅಕ್ಕಪಕ್ಕದ ಮನೆಯವನೂ ಹೊಲದ ಜೊತೆಗಾರನೂ ಕೇಳುತ್ತಿರುವಾಗ ಕೂಗಿ ಹೇಳಿದ ಮಾತನ್ನು ಮೀರುವುದು ಅಷ್ಟು ಸುಲಭವಲ್ಲ. ಅವರೂ ಅದೇ ಮಾತನ್ನು ಹೇಳಿದ್ದಾರಷ್ಟೆ!

ಆದರೆ ಕೀರ್ತನಕಾರರು ಹೊರಟುಹೋದ ಮೇಲೆ ಏನು? ಕುಡಿತವನ್ನು ಬಿಡುವುದು ಒಂದು ರಾತ್ರಿಯ ಕೆಲಸವಾದರೆ ಬಿಟ್ಟದ್ದನ್ನು ನಡೆಸಿಕೊಂಡು ಹೋಗುವುದು ಆಯುಷ್ಯದ ಕೆಲಸ. ಸಂಬಳದ ದಿನ ಬರುತ್ತದೆ, ಜಾತ್ರೆ ಬರುತ್ತದೆ, ಹಳೆಯ ಗೆಳೆಯ ಬರುತ್ತಾನೆ. ಇಲ್ಲಿ ಮಹಾರಾಷ್ಟ್ರದ ಬಡವನಿಗೆ ನೆರವಾದದ್ದು ಪಂಢರಪುರದ ವಾರಕರಿ ಸಂಪ್ರದಾಯ. ತುಳಸಿಯ ಮಾಲೆ ಹಾಕಿಕೊಂಡವನು ಮದ್ಯಮಾಂಸಗಳನ್ನು ತೊರೆಯಬೇಕು, ಏಕಾದಶಿ ಮಾಡಬೇಕು, ವಾರಿಗೆ ನಡೆಯಬೇಕು. ಕೊರಳಲ್ಲಿ ಮಾಲೆಯಿದ್ದವನಿಗೆ ಯಾರೂ ಕುಡಿಯೆಂದು ಬಲವಂತ ಮಾಡುವುದಿಲ್ಲ. ಒಲ್ಲೆನೆಂಬ ಮಾತನ್ನು ಅವನ ಬದಲಿಗೆ ಮಾಲೆಯೇ ಹೇಳುತ್ತದೆ. ಊರಿನ ಭಜನ ಮಂಡಳಿಯಲ್ಲಿ ಅವನ ಸ್ಥಳ ಬರಿದಾದರೆ ಯಾಕೆ ಬರಲಿಲ್ಲವೆಂದು ಕೇಳುವವರಿರುತ್ತಾರೆ. ಆಷಾಢದಲ್ಲಿ ದಿಂಡಿಯೊಡನೆ ಹೊರಟರೆ ಹಿಂದೆ ಮುಂದೆ ಅವನಂತಹವರೇ. ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಾಲಖಿಯು ಹೀಗೆಯೇ ಹೊರಡುತ್ತದೆ. ನಮ್ಮ ಬೆಳಗಾವಿ, ವಿಜಯಪುರಗಳ ಕಡೆಯ ಕನ್ನಡಿಗರೂ ಪಂಢರಪುರಕ್ಕೆ ನಡೆದು ಹೋಗುತ್ತಾರೆ.

ಗಾಡಗೆ ಮಹಾರಾಜರು ವಾರಿಯ ಕಾಲಕ್ಕೆ ಪಂಢರಪುರದಲ್ಲಿರುತ್ತಿದ್ದರು, ಆದರೆ ವಿಠ್ಠಲನ ಗುಡಿಯೊಳಗೆ ಹೋಗುತ್ತಿರಲಿಲ್ಲ. ಚಂದ್ರಭಾಗೆಯ ಮರಳನ್ನು ಗುಡಿಸುತ್ತ, ಕುಂಟರಿಗೆ, ಕುರುಡರಿಗೆ, ಕುಷ್ಠರೋಗಿಗಳಿಗೆ ಅನ್ನ ಹಾಕಿಸುತ್ತ ಹೊರಗೇ ಇರುತ್ತಿದ್ದರು. 1917ರಲ್ಲಿ ಅಲ್ಲಿ ಅಸ್ಪೃಶ್ಯರೆನಿಸಿದ ಯಾತ್ರಿಕರಿಗಾಗಿ ಚೋಖಾಮೇಳಾ ಧರ್ಮಶಾಲೆಯ ಕೆಲಸ ಹಿಡಿದರು. 1949ರಲ್ಲಿ ಅದನ್ನು ವಿದ್ಯಾರ್ಥಿಗಳ ಉಪಯೋಗಕ್ಕೆಂದು ಡಾ. ಅಂಬೇಡಕರರ ಶಿಕ್ಷಣ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಆಮೇಲೆ ನಾಸಿಕ, ಆಳಂದಿ, ದೇಹೂ, ಮುಂಬಯಿಯ ಜೆ.ಜೆ. ಆಸ್ಪತ್ರೆಯ ಬಳಿ, ಹೀಗೆ ಧರ್ಮಶಾಲೆಗಳು ಎದ್ದವು. ಪೂರ್ಣಾ ನದಿಯ ಋಣಮೋಚನ ಕ್ಷೇತ್ರದಲ್ಲಿ ಘಾಟ್, ಮೂರ್ತಿಜಾಪುರದಲ್ಲಿ ಗೋಶಾಲೆ, ಅನೇಕ ಕಡೆ ಶಾಲೆ, ವಿದ್ಯಾರ್ಥಿನಿಲಯಗಳಾದವು. ಲಕ್ಷಾಂತರ ರೂಪಾಯಿ ಅವರ ಮಾತಿನ ಮೇಲೆ ಬಂದು ಕೂಡಿತು. ಅವರ ಗಡಿಗೆಯಲ್ಲಿ ಮಾತ್ರ ಭಕ್ಕರಿಯ ಹೊರತು ಬೇರೇನೂ ಬೀಳಲಿಲ್ಲ.

ಧರ್ಮಶಾಲೆಯ ಮಹತ್ತ್ವವನ್ನು ಊರು ಬಿಟ್ಟು ಬಂದ ನಮ್ಮಂಥವರು ಇತರರಿಗಿಂತ ಚೆನ್ನಾಗಿ ಬಲ್ಲೆವು. ಪರಸ್ಥಳದಲ್ಲಿ ರಾತ್ರಿ ತಲೆಯೂರಲು ಶುದ್ಧವಾದ ಸ್ಥಳವಿಲ್ಲದವನಿಗೆ ತೆರೆದಿರುವ ಬಾಗಿಲು ಬಹುಶಃ ಒಂದೇ, ಅದು ಗುತ್ತೆಯ ಬಾಗಿಲು. ಮನ್ಮಾಡದಂತಹ ಜಂಕ್ಷನ್ ಊರನ್ನೇ ನೋಡಿರಿ. ರೈಲು ಬದಲಿಸುವವರು, ರೈಲ್ವೆಯ ಸೇತುವೆ ಕಾರ್ಖಾನೆಯ ಕೆಲಸಗಾರರು, ಧಾನ್ಯದ ಗೋದಾಮುಗಳ ಹಮಾಲರು, ಲಾರಿಯವರು, ಹೊಟೇಲಿನವರು, ಎಲ್ಲರೂ ಎಲ್ಲಿಂದಲೋ ಬಂದವರು. ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿಸಿ, ರಾತ್ರಿ ಹನ್ನೊಂದಕ್ಕೆ ಮೇಜು ಒರಸಿ, ಅದೇ ಹೊಟೇಲಿನ ಅಟ್ಟದ ಮೇಲೆ ಚಾಪೆ ಹಾಸುವ ಹುಡುಗನಿಗೆ ಊರಿನ ಅಜ್ಜನ ಕಣ್ಣಿಲ್ಲ, ಅಮ್ಮನ ಬಾಯಿಲ್ಲ. ಬೆನ್ನು ನೋಯುತ್ತದೆ, ನಿದ್ರೆ ಬಾರದು. ಪಕ್ಕದ ಚಾಪೆಯವನು ಒಂದು ಗುಟುಕು ಕೊಡುತ್ತಾನೆ, ಕೊಡುವುದು ಸ್ನೇಹದಿಂದಲೇ. ಗುಮಾಸ್ತರ ಬಿಡಾರದಲ್ಲಿಯೂ ಒಂದನೆಯ ತಾರೀಖಿನ ಸಂಜೆ ಇದೇ ಕಥೆ, ಬಾಟಲಿ ಮಾತ್ರ ಸ್ವಲ್ಪ ಬೆಲೆಯದು. ಝಿಂಗ್ರಾಜಿಯು ಕೆಟ್ಟದ್ದು ಹೇಗೆಂದು ನಾವು ವಿದರ್ಭಕ್ಕೆ ಹೋಗಿ ತಿಳಿಯಬೇಕಾಗಿಲ್ಲ. ಒಳ್ಳೆಯ ಜನರ ಜೊತೆಗೇ ಅವನು ಕೆಟ್ಟನು.

1923ರಲ್ಲಿ ಮಹಾರಾಜರ ಒಬ್ಬನೇ ಮಗ ಗೋವಿಂದನು ಹುಚ್ಚುನಾಯಿ ಕಡಿದು ತೀರಿಕೊಂಡನು. ಕೊಂಕಣದ ಖಾರೇಪಾಟಣದಲ್ಲಿ ಕೀರ್ತನ ನಡೆದಿರುವಾಗ ಅವರಿಗೆ ಆ ಸುದ್ದಿ ತಲುಪಿತು. ಅವರು ಕೀರ್ತನವನ್ನು ನಿಲ್ಲಿಸಲಿಲ್ಲ. ಇದನ್ನು ಕಠಿಣ ವೈರಾಗ್ಯವೆಂದು ಕೊಂಡಾಡುವವರು ಬಹಳ. ನಮಗೆ ಮಾತ್ರ ಬೇರೊಂದು ತೋರುತ್ತದೆ. ದುಃಖ ತಡೆಯಲಾರದೆ ಕುಡಿದೆನೆಂದು ಹೇಳುವವರನ್ನು ನಾವು ನಿತ್ಯವೂ ಕಾಣುತ್ತೇವೆ. ಅವರ ದುಃಖ ಸುಳ್ಳಲ್ಲ. ಅಂತಹ ಗಳಿಗೆಯಲ್ಲಿ ಮಹಾರಾಜರ ಎದುರಿಗೆ ಸಾವಿರ ಜನರ ಕೂಟವಿತ್ತು, ಕೈಯಲ್ಲಿ ಕೆಲಸವಿತ್ತು. ಮಗನನ್ನು ಕಳೆದುಕೊಂಡ ಆ ರಾತ್ರಿ ಅವರು ಒಬ್ಬಂಟಿಯಾಗಿ ಇರಲಿಲ್ಲ.

ಇನ್ನು ಕಾಯಿದೆಯ ಮಾತು. 1949ರ ಮುಂಬಯಿ ಪಾನನಿರೋಧ ಕಾಯಿದೆಯನ್ವಯ 1950ರ ಏಪ್ರಿಲ್‌ನಿಂದ ಇಡೀ ಮುಂಬಯಿ ರಾಜ್ಯದಲ್ಲಿ ಪೂರ್ಣ ಪಾನನಿರೋಧ ಜಾರಿಗೆ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ 1956ರ ವರೆಗೆ ಆ ರಾಜ್ಯಕ್ಕೇ ಸೇರಿದ್ದವಾದ್ದರಿಂದ ನಮ್ಮ ಹಿರಿಯರಿಗೆ ಅದರ ಅನುಭವವುಂಟು. ಮಹಾರಾಜರು ಜೀವಮಾನವೆಲ್ಲ ಹೇಳಿದ್ದನ್ನು ಸರಕಾರವು ಕಾಯಿದೆಯ ಬಲದಿಂದ ಮಾಡಹೊರಟಿತು. ಅಂಗಡಿ ಮುಚ್ಚಿದ್ದರಿಂದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿತೆಂಬುದು ನಿಜ. ಕಳ್ಳಭಟ್ಟಿಯೂ ಲಂಚವೂ ಬೆಳೆದವೆಂಬುದೂ ಅಷ್ಟೇ ನಿಜ. 1960ರ ದಶಕದಲ್ಲಿ ನಿರ್ಬಂಧಗಳನ್ನು ಸಡಿಲಿಸಲಾಯಿತು. ಇಂದು ಅದೇ ನಾಸಿಕ ಜಿಲ್ಲೆಯು ದ್ರಾಕ್ಷಿಯ ಮದ್ಯಕ್ಕೆ ದೇಶವಿಖ್ಯಾತವಾಗಿದೆ. ಪೊಲೀಸನು ಬಾಟಲಿಯನ್ನು ಕಸಿಯಬಲ್ಲನು, ಆದರೆ ಸಂಜೆಯ ಹೊತ್ತು ಜೊತೆಗೆ ಕೂಡಲಾರನಷ್ಟೆ.

ಜೊತೆಗೆ ಕೂಡುವುದನ್ನೇ ಮುಖ್ಯ ಮಾಡಿಕೊಂಡ ಇನ್ನೊಂದು ಉದ್ಯಮವು ಮಹಾರಾಜರು ಬದುಕಿರುವಾಗಲೇ ದೂರದ ಅಮೇರಿಕೆಯಲ್ಲಿ ಹುಟ್ಟಿತು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ಶೇರು ವ್ಯವಹಾರದವನು ಆಕ್ರನ್ ಪಟ್ಟಣದ ಹೊಟೇಲೊಂದರ ಪಡಸಾಲೆಯಲ್ಲಿ ನಿಂತಿದ್ದನು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು; ಬಂದ ವ್ಯವಹಾರ ಮುರಿದಿತ್ತು; ಪಕ್ಕದಲ್ಲೇ ಮದ್ಯದ ಕೋಣೆ. ಅವನು ಆ ಕೋಣೆಗೆ ಹೋಗದೆ ದೂರವಾಣಿಯನ್ನು ಹಿಡಿದು, ತನ್ನಂತೆಯೇ ಕುಡಿತಕ್ಕೆ ಸಿಕ್ಕಿದ ಬೇರೊಬ್ಬನನ್ನು ಹುಡುಕಿಸಿದನು. ಸಿಕ್ಕಿದವನು ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ. ಆ ವೈದ್ಯನು ಜೂನ್ 10ರಂದು ಕುಡಿದದ್ದೇ ಕಡೆಯದು. 1950ರಲ್ಲಿ ಸಾಯುವ ತನಕ ಮತ್ತೆ ಮುಟ್ಟಲಿಲ್ಲ. ಇದೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಮೂಲ. ಅಲ್ಲಿ ಫೀ ಇಲ್ಲ, ಪೂರ್ತಿ ಹೆಸರು ಹೇಳಬೇಕಾಗಿಲ್ಲ, ಬೈಯುವವರಿಲ್ಲ. ಆಯುಷ್ಯವೆಲ್ಲ ಬಿಡುತ್ತೇನೆಂಬ ದೊಡ್ಡ ಆಣೆಯೂ ಇಲ್ಲ, ಇಂದೊಂದು ದಿನ ಮುಟ್ಟುವುದಿಲ್ಲವೆಂಬಷ್ಟೇ ನಿಶ್ಚಯ. 20 ವರ್ಷಗಳ ಹಿಂದೆ ಬಿಟ್ಟವನೂ ನಿನ್ನೆ ಬಿಟ್ಟವನ ಪಕ್ಕದ ಕುರ್ಚಿಯಲ್ಲಿ ಬಂದು ಕೂಡುತ್ತಾನೆ. ಹೊಸಬನಿಗೆ ಧೈರ್ಯ ಹೇಳುವುದರಿಂದ ತನ್ನ ಧೈರ್ಯವೂ ಉಳಿಯುವುದೆಂದು ಅವನಿಗೆ ಗೊತ್ತು. ನಮ್ಮ ದೇಶದ ನಗರಗಳಲ್ಲಿಯೂ ಈ ಸಭೆಗಳು ನಡೆಯುತ್ತವೆ. ಕರ್ನಾಟಕದಲ್ಲಿ ಧರ್ಮಸ್ಥಳದವರು ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಬಿಟ್ಟವರು ಆಮೇಲೆ ನವಜೀವನ ಸಮಿತಿಗಳೆಂದು ಕೂಡುವ ಪದ್ಧತಿಯಿದೆ. ಊರಿನ ಕಡೆಯ ವಾಚಕರು ಅದನ್ನು ಕಂಡಿರಲಿಕ್ಕೆ ಸಾಕು.

ಮಹಾರಾಜರು ಕುಡುಕರನ್ನು ಕಟುವಾಗಿ ಬಯ್ಯುತ್ತಿದ್ದರೆಂಬುದನ್ನು ಮರೆಮಾಚಬೇಕಾಗಿಲ್ಲ. ಕುಡಿತವು ಅವರಿಗೆ ದುರ್ಗುಣವಾಗಿ ಕಂಡಿತ್ತು; ಅದು ಕಾಯಿಲೆಯೂ ಹೌದೆಂದು ವೈದ್ಯಶಾಸ್ತ್ರವು ಇಂದು ಹೇಳುತ್ತದೆ. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಸೆಳವು, ಚಿತ್ತಭ್ರಮೆಗಳಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವನನ್ನು ಅಟ್ಟದ ಮೇಲೆ ಮಲಗಿಸಿ ಕಾಯದೆ ಸರಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಬಯ್ಗುಳದಿಂದ ಬಿಟ್ಟವರಿಗಿಂತ ಬಯ್ಗುಳ ತಿಂದ ಮೇಲೆ ಮತ್ತಷ್ಟು ಕುಡಿದವರೇ ಹೆಚ್ಚು ಇರಬಹುದು. ಆದರೆ ಮಹಾರಾಜರ ಬಯ್ಗುಳವು ಮೇಲಿನಿಂದ ಇಳಿದು ಬಂದದ್ದಲ್ಲ. ಅದು ಝಿಂಗ್ರಾಜಿಯ ಮಗನ ಬಾಯಿಂದ ಬಂದದ್ದು. ಹರಕು ಅಂಗಿಯವನು ಹರಕು ಅಂಗಿಯವರಿಗೆ ಹೇಳಿದ ಮಾತಾದ್ದರಿಂದ ಜನರು ಅದನ್ನು ಸಹಿಸಿದರು.

1952ರಲ್ಲಿ ಗಾಡಗೆ ಮಹಾರಾಜ ಮಿಶನ್ ಸ್ಥಾಪನೆಯಾಗಿ ಸಂಸ್ಥೆಗಳ ಆಡಳಿತವು ಅದಕ್ಕೆ ಸೇರಿತು. ತಮ್ಮ ಮನೆಮಂದಿಗೆ ಈ ಆಸ್ತಿಯಲ್ಲಿ ಯಾವ ಹಕ್ಕನ್ನೂ ಅವರು ಇಡಲಿಲ್ಲ. ದೇಹ ಕುಂದಿದ ಮೇಲೆಯೂ ತಿರುಗಾಟ ನಿಲ್ಲಲಿಲ್ಲ. 1956ರ ನವೆಂಬರ್‌ನಲ್ಲಿ ಮುಂಬಯಿಯ ಬಾಂದ್ರಾದಲ್ಲಿ ಪೊಲೀಸರ ಮುಂದೆ ಕೀರ್ತನ ಮಾಡಿದರು. ಪಾನನಿರೋಧದ ಕಾವಲುಗಾರರಿಗೇ ಆ ರಾತ್ರಿ ಅವರ ಪ್ರಶ್ನೆಗಳಿಗೆ ಉತ್ತರ ಕೊಡುವ ಪಾಳಿ ಬಂದಿತ್ತು. ಡಿಸೆಂಬರ್ 6ರಂದು ಡಾ. ಅಂಬೇಡಕರರು ನಿಧನರಾದರು. ಅದಾದ 14 ದಿನಗಳಲ್ಲಿ, 1956ರ ಡಿಸೆಂಬರ್ 20ರಂದು, ಅಮರಾವತಿಯ ಸಮೀಪದ ವಲಗಾಂವ ಬಳಿ ಪೇಢಿ ನದಿಯ ಹತ್ತಿರ ದಾರಿಯಲ್ಲಿರುವಾಗಲೇ ಮಹಾರಾಜರು ದೇಹವಿಟ್ಟರು. ಅಮರಾವತಿಯ ವಿಶ್ವವಿದ್ಯಾಲಯಕ್ಕೆ 2005ರಲ್ಲಿ ಅವರ ಹೆಸರನ್ನಿಟ್ಟರು. ಅವರ ಹೆಸರಿನ ಧರ್ಮಶಾಲೆಗಳಲ್ಲಿ ಯಾತ್ರಿಕರೂ ಆಸ್ಪತ್ರೆಗೆ ಬಂದ ಬಡವರ ನೆಂಟರೂ ಇಂದಿಗೂ ರಾತ್ರಿ ಕಳೆಯುತ್ತಾರೆ.